ಯವ್ವನ ಒಂಟಿ ಹಲ್ಲು

ನನ್ನ ಬಲಗಡೆಯ ಕೆಳದವಡೆ ಹಲ್ಲನ್ನು ಮುರಿದದ್ದು ನನ್ನನ್ನು ಹೆತ್ತ ಯವ್ವನ ಕಟಕ ರೊಟ್ಟಿ. ಇದನ್ನು ಯವ್ವ ಇವತ್ತಿಗೂ ಒಪ್ಪುವುದಿಲ್ಲ. ಹಲ್ಲು ಮೊದಲೇ ಹುಳುಕಾಗಿತ್ತು, ಅದನ್ನು ತಂದು ರೊಟ್ಟಿಯ ಮೇಲೆ ಯಾಕೆ ಹಾಕುತ್ತೀ ಎಂದು ಜಗಳಕ್ಕೆ ಬರುತ್ತಾಳೆ. ಹುಳುಕಾಗಿದ್ದು ನಿಜ. ಆದರೆ ಆ ರೊಟ್ಟಿಯೂ ಸಾಮಾನ್ಯದ್ದಲ್ಲ. ಎಳ್ಳು ಹಚ್ಚಿ, ಹಂಚಿನ ಮೇಲೆ ಬಟ್ಟೆಯಿಂದ ಒತ್ತಿ ಒತ್ತಿ ಸುಟ್ಟು, ದೇವದುರ್ಗದ ಬಿಸಿಲಿಗೆ ಒಣಗಿಸಿ, ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ರಾಯಚೂರು ಬಸ್ಸಿನ ಡ್ರೈವರನ ಕೈಗೆ ಕೊಟ್ಟು ಕಳಿಸುತ್ತಾಳೆ. ಬಸ್ಸು ಗುಂಡಿಗೆ ಬಿದ್ದು ಎದ್ದರೂ ಅದರಲ್ಲಿ ಒಂದು ರೊಟ್ಟಿ ಮುರಿದಿರುವುದಿಲ್ಲ. ಇಷ್ಟು ಗಟ್ಟಿ ರೊಟ್ಟಿ ಮಾಡುವ ಯವ್ವನ ಬಾಯಲ್ಲಿ ಇರುವುದು ಒಂದೇ ಒಂದು ಹಲ್ಲು, ಕೆಳಗಿನ ಕೋರೆಹಲ್ಲು. ಅವಳು ತನ್ನ ಪಾಲಿನ ರೊಟ್ಟಿಯನ್ನು ಬೇಳೆಯಲ್ಲಿ ನೆನೆಹಾಕಿ, ಅದು ಮೆತ್ತಗಾಗುವವರೆಗೆ ನಮ್ಮ ಬಾಯಿಗಳನ್ನು ನೋಡುತ್ತ ಕೂತಿರುತ್ತಾಳೆ. ಮೊಮ್ಮಕ್ಕಳಿಗೆ ಸಪ್ಪಳ ಮಾಡಿ ತಿನ್ನಿ ಎಂದು ಹೇಳುವ ಅಜ್ಜಿ ಜಗತ್ತಿನಲ್ಲಿ ಅವಳೊಬ್ಬಳೇ ಇರಬೇಕು.

ಹಲ್ಲಿನ ಚೂರನ್ನು ನಾನು ಮೊದಲು ಎಳ್ಳೆಂದು ತಿಳಿದು ಅಗಿದೆ. ಎರಡನೇ ಸಲ ಅಗಿದಾಗ ಗೊತ್ತಾಯಿತು. ಆಮೇಲೆ ಒಂದು ಗುಟುಕು ತಣ್ಣೀರು ಕುಡಿದೆ ನೋಡಿ, ದವಡೆಯಿಂದ ನೆತ್ತಿಯವರೆಗೆ ಯಾರೋ ತಂತಿ ಎಳೆದಂತಾಯಿತು. ಯಾವತ್ತೂ ಹಲ್ಲು ನೋವು ಕಾಣದ ನನ್ನ ಗಂಡ, ಉಪ್ಪುನೀರು ಮುಕ್ಕಳಿಸು ಎಂದು ಹೇಳಿ ಪೇಪರಿನ ಪುಟ ತಿರುವಿದ. ಆ ಪುಟ ತಿರುವಿದ ರೀತಿಯನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಮರುದಿನ ಸ್ಟೇಷನ್ ರಸ್ತೆಯ ಕಡೆ ಇರುವ ಒಂದು ಹಲ್ಲಿನ ದವಾಖಾನೆಗೆ ಹೋದೆ. ಡಾಕ್ಟರು ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕ ಹುಡುಗಿ, ನಗುನಗುತ್ತಲೇ ಫೋಟೋ ತೆಗೆದು ತೋರಿಸಿದಳು. ಹಲ್ಲಿನ ಬೇರು ಗಟ್ಟಿಯಿದೆ, ಒಳಗಿನ ನರಕ್ಕೆ ಸೋಂಕು ತಗುಲಿದೆ, ರೂಟ್ ಕೆನಾಲ್ ಮಾಡಿಸಿದರೆ ಹಲ್ಲು ಉಳಿಯುತ್ತದೆ, ತಡಮಾಡಿದರೆ ಕೀಳುವುದೇ ದಾರಿ ಎಂದಳು. ಅದಕ್ಕೆ ಮೂರು ನಾಲ್ಕು ಸಲ ಬರಬೇಕಂತೆ. ಮುಂದಿನ ವಾರದ ಒಂದು ಮಧ್ಯಾಹ್ನ ಗೊತ್ತುಮಾಡಿ, ಹೆದರಬೇಡಿ ಎಂದು ಕಳಿಸಿಕೊಟ್ಟಳು. ಅಲ್ಲಿಯವರೆಗೆ ನಾನು ಹೆದರಿರಲಿಲ್ಲ.

ನಾನು ವಿಜ್ಞಾನದ ಟೀಚರು. ಗಬ್ಬೂರಿನ ಆಚೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ದಿನಾ ರಾಯಚೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಮ್ಮ ಶಾಲೆಯ ಕಪಾಟಿನಲ್ಲಿ ತೆಂಗಿನಕಾಯಿ ಗಾತ್ರದ ಒಂದು ಪ್ಲಾಸ್ಟಿಕ್ ಹಲ್ಲಿದೆ. ಮುಚ್ಚಳ ತೆಗೆದರೆ ಒಳಗೆ ಕೆಂಪು, ನೀಲಿ, ಹಳದಿ ಬಣ್ಣದ ನರನಾಡಿಗಳು. ಹಳದಿಯದು ನರ, ನೋವನ್ನು ಮಿದುಳಿಗೆ ಮುಟ್ಟಿಸುವುದು ಇದೇ ಎಂದು ವರ್ಷವರ್ಷವೂ ಕೋಲು ಇಟ್ಟು ತೋರಿಸಿದ್ದೇನೆ. ಏನೂ ಗೊತ್ತಿಲ್ಲದವರು ಒಂದೇ ರೀತಿ ಹೆದರುತ್ತಾರೆ, ನಾನು ಭಾಗಗಳನ್ನು ಗುರುತಿಸಿ ಗುರುತಿಸಿ ಹೆದರಿದೆ. ಆ ವಾರ ಕಪಾಟು ತೆಗೆದಾಗ ಪ್ಲಾಸ್ಟಿಕ್ ಹಲ್ಲಿನ ಮುಚ್ಚಳ ತಾನೇ ಕಳಚಿ ಬಿತ್ತು. ಅದನ್ನು ಗೋಡೆಯ ಕಡೆ ತಿರುಗಿಸಿ ಇಟ್ಟೆ.

ಹೆದರಿಕೆ ಕಡಿಮೆ ಮಾಡಿಕೊಳ್ಳಲು ನಾನು ಮಾಡದ ಉಪಾಯವಿಲ್ಲ. ಲವಂಗ ಕಚ್ಚಿಕೊಂಡೆ, ಪೇರಲ ಎಲೆ ಕುದಿಸಿ ಮುಕ್ಕಳಿಸಿದೆ. ಇವು ನೋವಿಗೆ ಆದವು, ಹೆದರಿಕೆಗೆ ಆಗಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿದರೆ ಧೈರ್ಯ ಬರುತ್ತದೆ ಎಂದು ಗಂಡ ಒಂದು ಕಳಿಸಿದ. ಅದರಲ್ಲಿ ಒಬ್ಬ ಡಾಕ್ಟರು ಸೂಜಿಯಂಥ ಅರವನ್ನು ಹಲ್ಲಿನೊಳಗೆ ಬಿಟ್ಟು ತಿರುವುತ್ತ, ನೋಡಿ ಎಷ್ಟು ಸುಲಭ ಎನ್ನುತ್ತಿದ್ದ. ತಿರುವುವವನಿಗೆ ಸುಲಭವೇ. ಕೊನೆಗೆ ನಮ್ಮ ಓಣಿಯ ಬುದ್ಧವಿಹಾರದಲ್ಲಿ ಕಲಿತ ಧ್ಯಾನಕ್ಕೆ ಕೂತೆ. ಬರುವ ಉಸಿರು ನೋಡು, ಹೋಗುವ ಉಸಿರು ನೋಡು, ಬೇರೆ ಏನನ್ನೂ ನೋಡಬೇಡ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ನಾನು ಬರುವ ಉಸಿರು ನೋಡಿದೆ, ಅದು ಸೀದಾ ಹೋಗಿ ಹುಳುಕು ಹಲ್ಲಿಗೆ ಬಡಿಯಿತು. ಎದ್ದು ಮತ್ತೊಂದು ಲವಂಗ ಹುಡುಕಿದೆ.

ಗೊತ್ತುಮಾಡಿದ ದಿನ ಬಂತು. ದವಾಖಾನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕೂತೆ. ಎದುರಿನ ಬಾಗಿಲ ಹಿಂದಿನಿಂದ ಕೊರೆಯುವ ಯಂತ್ರದ ಸದ್ದು. ಅದರ ನಡುವೆ ಯಾರೋ ಗಂಡಸು ಒಮ್ಮೆ ಮೂಗಿನಲ್ಲಿ ಮುಲುಗಿದ. ಅಷ್ಟೇ. ಬಾಟಲಿಗೆ ನೀರು ತುಂಬಿಸಿಕೊಂಡು ಬರುತ್ತೇನೆ ಎಂದು ಕೌಂಟರಿನ ಹೆಣ್ಣುಮಗಳಿಗೆ ಹೇಳಿ ಹೊರಗೆ ಬಂದೆ. ಬಾಟಲಿ ತುಂಬಿಯೇ ಇತ್ತು, ಅವಳು ಅದನ್ನು ನೋಡಿದಳು, ನಾನು ನೋಡಿದ್ದನ್ನೂ ನೋಡಿದಳು. ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಆಟೋ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದೆ.

ಮನೆಗೆ ಹೋದರೆ ಗಂಡ ಕೇಳುತ್ತಾನೆ. ದೇವದುರ್ಗದ ಬಸ್ಸು ಹತ್ತುವ ಹಾಗಿಲ್ಲ. ಆ ದಾರಿಯ ಡ್ರೈವರು ಕಂಡಕ್ಟರು ಎಲ್ಲರಿಗೂ ನಾನು ರೊಟ್ಟಿ ಗಂಟಿನ ಟೀಚರು, ದವಡೆ ಊದಿದ್ದು ಕಂಡರೆ ಸಂಜೆಯೊಳಗೆ ಯವ್ವನಿಗೆ ಮುಟ್ಟಿಸುತ್ತಾರೆ. ಹೊರಡಲು ನಿಂತಿದ್ದ ಮಾನ್ವಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಕಲ್ಲೂರು ದಾಟುವವರೆಗೆ ಹಲ್ಲು ನೋಯಲಿಲ್ಲ. ದವಾಖಾನೆಯಿಂದ ಓಡಿಬಂದರೆ ಹಲ್ಲು ನೋವು ಹೋಗುತ್ತದೆ ಎಂಬ ಈ ಸಂಗತಿಯನ್ನು ಯಾವ ಪಠ್ಯಪುಸ್ತಕದಲ್ಲೂ ಬರೆದಿಲ್ಲ. ಊರು ಬರುವ ಹೊತ್ತಿಗೆ ಅದು ಮತ್ತೆ ಶುರುವಾಯಿತು.

ಮಾನ್ವಿಯಲ್ಲಿ ನನ್ನ ತಂಗಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಅವಳು ಮಷಿನ್ನಿನಿಂದ ತಲೆ ಎತ್ತಿ ಮೊದಲು ನೋಡಿದ್ದು ನನ್ನ ಕಾಲನ್ನು.

"ಅಕ್ಕಾ, ಮಾಮಾನ ಚಪ್ಪಲ್ ಯಾಕ ಹಾಕ್ಕೊಂಡು ಬಂದೀ?" ಎಂದಳು.

ನೋಡಿಕೊಂಡರೆ ದಪ್ಪ ಅಟ್ಟೆಯ ಗಂಡಸರ ಚಪ್ಪಲಿ, ನನ್ನ ಪಾದ ಅದರಲ್ಲಿ ಅರ್ಧಕ್ಕೇ ಮುಗಿದಿತ್ತು. ಅದು ಮಾಮಾನದೂ ಅಲ್ಲ. ಒಳಗೆ ಮುಲುಗುತ್ತಿದ್ದನಲ್ಲ, ಅವನದೇ ಇರಬೇಕು. ಅಷ್ಟರಲ್ಲಿ ದವಾಖಾನೆಯಿಂದ ಫೋನ್ ಬಂತು. ಹಿರೇಕೊಟ್ನೆಕಲ್ಲಿನ ರೈತರೊಬ್ಬರ ಚಪ್ಪಲಿ ಕಾಣುತ್ತಿಲ್ಲ, ನಿಮ್ಮದು ಇಲ್ಲೇ ಉಳಿದಿತ್ತು, ಅವರು ಬಿಸಿಲಿಗೆ ಬರಿಗಾಲಲ್ಲಿ ಹೋಗಲಾರದೆ ನಿಮ್ಮದನ್ನೇ ಸಿಕ್ಕಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದರು ಎಂದು ಕೌಂಟರಿನವಳು ಬಹಳ ಮರ್ಯಾದೆಯಿಂದ ತಿಳಿಸಿದಳು. ಹೂವಿನ ಬಕ್ಕಲು ಇದ್ದ ನನ್ನ ನೀಲಿ ಚಪ್ಪಲಿ ಮೆಟ್ಟಿಕೊಂಡು ಒಬ್ಬ ಗಂಡಸು, ಅದೂ ಜೋಮು ಹಿಡಿದ ಬಾಯಿ ಇಟ್ಟುಕೊಂಡು, ಬಸ್ಸಿಗೆ ನಿಂತಿರುವುದನ್ನು ನೆನೆದು ನನಗೆ ನಗು ಬಂತು. ನಕ್ಕರೆ ಹಲ್ಲಿಗೆ ಗಾಳಿ ತಾಕಿ ಕಣ್ಣಲ್ಲಿ ನೀರು ಬಂತು. ಚಪ್ಪಲಿ ಮರಳಿಸಲಾದರೂ ಆ ದವಾಖಾನೆಯ ಮೆಟ್ಟಿಲು ಮತ್ತೆ ಹತ್ತಲೇಬೇಕಾಯಿತು.

ತಂಗಿ ನನಗೆ ಮೆತ್ತಗೆ ಅನ್ನ ಕಲಸಿ ಕೊಟ್ಟಳು. ಯವ್ವನಿಗೆ ಹೇಳಬೇಡ ಎಂದು ನಾನು ಹೇಳಿದೆ, ಹೇಳುವುದಿಲ್ಲ ಎಂದು ಅವಳು ತಲೆಯಾಡಿಸಿದಳು. ನಾನು ಕೈತೊಳೆದು ಬರುವುದರೊಳಗೆ ಫೋನಿನಲ್ಲಿ ಅಕ್ಕನಿಗೆ ಹಲ್ಲಿನ ಆಪರೇಶನ್ ಇದೆಯಂತೆ, ಹೆದರಿ ಇಲ್ಲಿಗೆ ಓಡಿ ಬಂದಿದ್ದಾಳೆ ಎಂದು ಹೇಳಿ ಮುಗಿಸಿದ್ದಳು.

ನಮ್ಮ ಕಡೆ ಆಪರೇಶನ್ ಎಂಬ ಮಾತು ಬಾಯಿಂದ ಹೊರಬಿದ್ದರೆ ಅದು ಒಬ್ಬರ ಸ್ವಂತ ವಿಷಯವಾಗಿ ಉಳಿಯುವುದಿಲ್ಲ. ಮಾತಾಡಿಸಿಕೊಂಡು ಬರುವುದು ಎಂಬುದೊಂದು ಪದ್ಧತಿ ಇದೆ. ಮದುವೆಗೆ ಬರದಿದ್ದವರನ್ನು ಕ್ಷಮಿಸಬಹುದು, ಆಪರೇಶನ್ ಆದವರನ್ನು ಮಾತಾಡಿಸಲು ಬರದಿದ್ದವರ ಮನೆಯ ನೀರು ಮುಟ್ಟುವುದಿಲ್ಲ. ಬರುವಾಗ ಬ್ರೆಡ್ಡು, ಬಾಳೆಹಣ್ಣು, ಬಿಸ್ಕೀಟು, ಎಳನೀರು ಇರಬೇಕು. ಆ ಭಾನುವಾರ ದೇವದುರ್ಗದಿಂದ ಯವ್ವನನ್ನು ಮುಂದಿಟ್ಟುಕೊಂಡು ಒಂದು ಟಂಟಂ ಆಟೋ ತುಂಬ ಜನ ರಾಯಚೂರಿನ ನನ್ನ ಮನೆಗೆ ಬಂದಿಳಿದರು. ದೊಡ್ಡವ್ವ, ಸಣ್ಣವ್ವ, ಅತ್ತೆಯರು, ಎಲ್ಲರ ಕೈಯಲ್ಲೂ ಬ್ರೆಡ್ಡು. ಬಾಗಿಲು ತೆಗೆದದ್ದು ನಾನೇ. ನಾನು ಎದ್ದು ಓಡಾಡುತ್ತಿರುವುದನ್ನು ಕಂಡು ಅವರಿಗೆ ನಿರಾಸೆಯಾದದ್ದು ಮುಖದಲ್ಲಿ ಚೆನ್ನಾಗಿ ಕಾಣುತ್ತಿತ್ತು. ನಾನು ಚಹಾ ಇಡಲು ಹೊರಟರೆ ದೊಡ್ಡವ್ವ ತಡೆದು, ನಾವು ಹೋಗುವವರೆಗಾದರೂ ಮಲಗಿಕೋ, ಅಷ್ಟು ದೂರದಿಂದ ಬಂದಿದ್ದೇವೆ ಎಂದಳು. ಮಲಗಿದೆ. ಮೇಲೆ ಒಂದು ಚಾದರವನ್ನೂ ಹೊದಿಸಿದರು, ರಾಯಚೂರಿನ ಏಪ್ರಿಲ್ಲಿನಲ್ಲಿ.

ಆಮೇಲೆ ಧೈರ್ಯ ಹೇಳಲು ಶುರುಮಾಡಿದರು. ಒಬ್ಬಳಿಗೆ ಗೊತ್ತಿದ್ದ ಹೆಂಗಸಿಗೆ ಹಲ್ಲಿನ ಸೂಜಿ ಮಾಡಿದ ಮೇಲೆ ಬಾಯಿ ಒಂದು ಕಡೆ ಸೊಟ್ಟಗಾಗಿ ಹಾಗೇ ಉಳಿಯಿತಂತೆ. ಇನ್ನೊಬ್ಬಳ ನಾದಿನಿಯ ಭಾವನಿಗೆ ಒಳಗೆ ಸೂಜಿ ಮುರಿದು, ಇವತ್ತಿಗೂ ಮಳೆ ಬರುವ ಮುಂಚೆ ಅಲ್ಲಿ ಚುಚ್ಚುತ್ತದಂತೆ. ಹಲ್ಲಿನ ನರವೂ ಕಣ್ಣಿನ ನರವೂ ಒಂದೇ, ಇದನ್ನು ಮುಟ್ಟಿದರೆ ಅದು ಹೋಗುತ್ತದೆ ಎಂದು ಸಣ್ಣವ್ವ ತೀರ್ಪು ಕೊಟ್ಟಳು. ಅದು ಸುಳ್ಳೆಂದು ನನಗೆ ಗೊತ್ತು, ನಾನೇ ಮಕ್ಕಳಿಗೆ ಹಾಗೆಂದು ಪಾಠ ಮಾಡಿದ್ದೇನೆ. ಆದರೂ ಚಾದರದೊಳಗೆ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಕಾಣುತ್ತದೆಯೋ ಇಲ್ಲವೋ ನೋಡಿಕೊಂಡೆ.

ಎಲ್ಲರ ಮಾತು ಬಂದು ನಿಂತದ್ದು ಒಂದೇ ಕಡೆ. ಕಿತ್ತು ಒಗೆದುಬಿಡು. ಒಂದು ಸಲ ಧೈರ್ಯ ಮಾಡಿದರೆ ಮುಗಿಯಿತು, ವಾರವಾರ ಹೋಗಿ ಬಾಯಿ ತೆರೆದು ಮಲಗುವುದು ಯಾಕೆ, ನಿಮ್ಮವ್ವನನ್ನು ನೋಡಿ ಕಲಿ ಎಂದರು. ಮುಂದೆ ಏನು ಬರುತ್ತದೆಂದು ನನಗೆ ಗೊತ್ತಿತ್ತು. ಯವ್ವನ ಹಲ್ಲಿನ ಕಥೆ.

ನಮ್ಮ ಮನೆತನದಲ್ಲಿ ಹೆಮ್ಮೆಪಡಲು ಹೊಲವಿಲ್ಲ, ಗೌಡಿಕೆಯಿಲ್ಲ. ಎರಡು ತಲೆಮಾರು ಕೂಲಿ ಮಾಡಿ ಮೂರನೆಯವರು ನಾವು ಓದಿದವರು. ನಮಗಿದ್ದ ದೊಡ್ಡ ಆಸ್ತಿಯೆಂದರೆ ಈ ಕಥೆ. ನಾನು ಹೈಸ್ಕೂಲಿನಲ್ಲಿದ್ದಾಗ ದೇವದುರ್ಗದ ಶಾಲೆಯೊಂದರಲ್ಲಿ ಹಲ್ಲಿನ ಶಿಬಿರ ನಡೆಯಿತು. ಯವ್ವನ ವಸಡು ಕೆಟ್ಟು, ಕೆಲವು ಹಲ್ಲು ಆಗಲೇ ಬಿದ್ದು, ಉಳಿದವು ನೋಯುತ್ತಿದ್ದವು. ಅಪ್ಪ ಅವಳನ್ನು ಕರೆದುಕೊಂಡು ಹೋದ. ಬಾಯಲ್ಲಿದ್ದ ಹಲ್ಲುಗಳನ್ನು ಅವಳು ಒಂದೇ ಸಲಕ್ಕೆ ಕೀಳಿಸಿಕೊಂಡಳು. ಹೂಂ ಅನ್ನಲಿಲ್ಲ, ಹಾಂ ಅನ್ನಲಿಲ್ಲ. ಬಾಯಿಗೆ ಹತ್ತಿ ಇಟ್ಟುಕೊಂಡು ಮರುದಿನ ಕಳೆ ತೆಗೆಯಲು ಹೋದಳು. ಇದನ್ನು ಹೇಳುತ್ತಿದ್ದವನು ಅಪ್ಪ, ಏಕೆಂದರೆ ನಮ್ಮವರಲ್ಲಿ ಕಣ್ಣಾರೆ ಕಂಡವನು ಅವನೊಬ್ಬನೇ. ಮೊದಲ ವರ್ಷ ಅವನ ಕಥೆಯಲ್ಲಿ ಡಾಕ್ಟರು ಬೆರಗಾಗಿ ನಿಂತಿದ್ದ. ಕೆಲವು ವರ್ಷಗಳಲ್ಲಿ ಡಾಕ್ಟರು ಯವ್ವನಿಗೆ ಚಹಾ ತರಿಸಿದ. ಅಪ್ಪ ತೀರಿಕೊಳ್ಳುವ ಹೊತ್ತಿಗೆ ಡಾಕ್ಟರು ಎದ್ದು ನಿಂತು ಸಲಾಮು ಹೊಡೆದು, ಇಂಥ ಹೆಣ್ಣುಮಗಳನ್ನು ನಾನು ನೋಡಿಲ್ಲ, ನೆನಪಿಗೆ ಇದೊಂದು ಹಲ್ಲು ಇರಲಿ ಎಂದು ಕೋರೆಹಲ್ಲನ್ನು ಬಿಟ್ಟಿದ್ದ. ಈಗ ಅಪ್ಪನಿಲ್ಲದ ಕಾರಣ ದೊಡ್ಡವ್ವ ಹೇಳಿದಳು, ಸಲಾಮು ಸಮೇತ. ಯವ್ವ ಮೂಲೆಯಲ್ಲಿ ಕೂತು ನನಗೆಂದು ತಂದ ಬಾಳೆಹಣ್ಣನ್ನು ತಾನೇ ಸುಲಿದು ತಿನ್ನುತ್ತಿದ್ದಳು. ದೊಡ್ಡವರು ತಮ್ಮ ಹೊಗಳಿಕೆ ಕೇಳಿದಾಗ ಹಾಗೇ ಸುಮ್ಮನಿರುತ್ತಾರೆ ಎಂದುಕೊಂಡೆ.

ಜನ ಹೋದ ಮೇಲೂ ಯವ್ವ ಉಳಿದುಕೊಂಡಳು, ನನ್ನನ್ನು ಕುರ್ಚಿಯ ಮೇಲೆ ಕೂರಿಸಿಯೇ ಊರಿಗೆ ಹೋಗುವವಳಂತೆ. ನಾನು ಆ ರಾತ್ರಿಯೊಳಗೆ ನಿರ್ಧಾರ ಮಾಡಿಬಿಟ್ಟಿದ್ದೆ. ಕೀಳಿಸುವುದು. ನಾನು ಇವಳ ಮಗಳು, ಮೂರು ನಾಲ್ಕು ಸಲ ಹೆದರುವ ಬದಲು ಒಂದೇ ಸಲ ಹೆದರಿ ಮುಗಿಸುತ್ತೇನೆ. ನಿರ್ಧಾರ ಮಾಡಿದ ಮೇಲೆ ಮನಸ್ಸು ಎಷ್ಟು ಹಗುರಾಯಿತೆಂದರೆ ನನಗೆ ನನ್ನ ಮೇಲೇ ಗೌರವ ಹುಟ್ಟಿತು.

ಮರುದಿನ ಯವ್ವನ ಜೊತೆ ದವಾಖಾನೆಗೆ ಹೋದೆ. ರೈತನ ಚಪ್ಪಲಿಯನ್ನು ಒರೆಸಿ, ಕ್ಯಾರಿಬ್ಯಾಗಿನಲ್ಲಿ ಹಾಕಿ ಕೌಂಟರಿನಲ್ಲಿ ಕೊಟ್ಟೆ. ನನ್ನದು ಆಗಲೇ ಬಂದು ಕೂತಿತ್ತು, ಬಕ್ಕಲು ಕಿತ್ತು ಹೋಗಿತ್ತು. ಕೇಳುವ ಮುಖ ನನಗಿರಲಿಲ್ಲ. ಒಳಗೆ ಕೊರೆಯುವ ಸದ್ದು ಶುರುವಾಯಿತು. ಆ ಕಡೆ ಗಮನ ಹೋಗದಿರಲಿ ಎಂದು ಯವ್ವನಿಗೆ ನನ್ನ ನಿರ್ಧಾರ ಹೇಳಿದೆ.

"ಯವ್ವಾ, ನಾ ಕೀಳಸಾಕ ಬಂದೀನಿ. ನಿನ್ನಂಗ ಒಂದ ಸಲ ಧೈರ್ಯ ಮಾಡಿಬಿಡ್ತೀನಿ," ಎಂದೆ.

ಯವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಾಗಿಲ ಕಡೆಗೇ ನೋಡುತ್ತಿದ್ದಳು.

"ಯಾರ ಧೈರ್ಯ ಬೇ?" ಎಂದಳು.

"ನಿಂದು."

"ಅಂಜಿ ಕೀಳಿಸಿದ್ದು ಅದು," ಎಂದಳು. "ಅರ್ಧಾ ಹಲ್ಲು ಗಟ್ಟಿ ಅದಾವ, ರಾಯಚೂರಿಗಿ ಬಾ, ತಿಂಗಳಿಗೊಮ್ಮಿ ತೋರಸು, ಉಳಿಸಿ ಕೊಡ್ತೀನಿ ಅಂದಿದ್ದ ಆ ಡಾಕ್ಟರ. ಮತ್ತ ಮತ್ತ ಹೋಗಿ ಆ ಕುರ್ಚಿ ಮ್ಯಾಲ ಕುಂದ್ರೋದು ನನ್ನ ಕೈಲಿ ಆಗತಿದ್ದಿಲ್ಲ. ಎಲ್ಲಾ ಅಲ್ಲಾಡ್ತಾವ, ಎಲ್ಲಾ ನೋಯ್ತಾವ, ಎಲ್ಲಾ ಕಿತ್ತಬಿಡ್ರಿ ಅಂತ ಸುಳ್ಳ ಹೇಳಿದೆ."

ಹೂಂ ಅನ್ನಲಿಲ್ಲವಂತಲ್ಲ ಎಂದು ಕೇಳಿದೆ. ಯವ್ವನಿಗೆ ನಗು ಬಂತು, ಆ ಒಂಟಿ ಹಲ್ಲು ಕಾಣುವಂತೆ ನಕ್ಕಳು. ಹೂಂ ಅನ್ನದೆ ಏನು, ಶಾಲೆಯ ಕಂಪೌಂಡಿನ ಹೊರಗೆ ಜನ ನಿಂತು ಕೇಳುವಂತೆ ಚೀರಿದ್ದಳಂತೆ. ಕೊನೆಯ ಹಲ್ಲಿಗೆ ಬಂದಾಗ ಸೂಜಿಯ ಜೋಮು ಇಳಿದಿತ್ತು, ಕೈ ಹಾಕಿದ ಡಾಕ್ಟರನ ಬೆರಳನ್ನು ಕಚ್ಚಿಬಿಟ್ಟಳಂತೆ. ಕಚ್ಚಿದ್ದು ಅದೇ ಕೋರೆಹಲ್ಲಿನಿಂದ. ಅಪ್ಪ ತನ್ನ ಟವೆಲಿನ ಅಂಚು ಹರಿದು ಡಾಕ್ಟರನ ಬೆರಳಿಗೆ ಸುತ್ತಿದನಂತೆ. ಇದೊಂದು ನಿನ್ನ ಹತ್ರಾನೇ ಇರಲಿ ಯವ್ವಾ ಎಂದು ಡಾಕ್ಟರು ಕೈಮುಗಿದು ಹೊರಗೆ ಹೋದನಂತೆ. ಸಲಾಮು ಹೊಡೆದದ್ದು ಅಷ್ಟರಮಟ್ಟಿಗೆ ಸುಳ್ಳಲ್ಲ.

ಅವತ್ತು ಮನೆಯ ದಾರಿಯುದ್ದಕ್ಕೂ ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತ ಬಂದಳಂತೆ. ನಮ್ಮ ಓಣಿ ಬಂದು, ಕಟ್ಟೆಯ ಮೇಲೆ ಕೂತವರು ಏನಾಯಿತೆಂದು ಕೇಳಿದಾಗ, ಅವಳು ಬಾಯಿ ತೆಗೆಯುವ ಮುಂಚೆಯೇ ಅಪ್ಪ ಶುರುಮಾಡಿದನಂತೆ, ಹೂಂ ಅನ್ನಲಿಲ್ಲ, ಹಾಂ ಅನ್ನಲಿಲ್ಲ.

"ನಿಮ್ಮಪ್ಪ ಹಂಗ ಹೇಳಿಬಿಟ್ಟ. ನಾ ಹಂಗ ಇರಬೇಕಾತು," ಎಂದಳು ಯವ್ವ. ಮರುದಿನ ಕಳೆ ತೆಗೆಯಲು ಹೋದದ್ದೂ ಅದಕ್ಕೇ. ಓಣಿಯ ತುಂಬ ಅವಳ ಧೈರ್ಯದ ಸುದ್ದಿ ಹಬ್ಬಿದ ಮೇಲೆ ಮಲಗಲು ದಾರಿಯೇ ಉಳಿದಿರಲಿಲ್ಲ. ಬೆರಳಿಗೆ ಸುತ್ತಿದ ಸೆರಗು ಬಿಚ್ಚಿ ಅವಳು ನನ್ನ ಕಡೆ ತಿರುಗಿದಳು. "ರೊಟ್ಟಿ ಕಡೀಬೇಕು ಅನಸ್ತದ ಬೇ. ಈಗ್ಲೂ ಅನಸ್ತದ. ನೀ ಕೀಳಸಬ್ಯಾಡ."

ನನಗೆ ಸಿಟ್ಟು ಬಂತು. ಯಾರ ಮೇಲೆಂದು ಹೇಳಲಾರೆ. ಸುಳ್ಳು ಹೇಳಿದ ಅಪ್ಪನ ಮೇಲೆ ಬರಲಿಲ್ಲ. ಹೆಂಡತಿಯ ಚೀರಾಟವನ್ನು ಓಣಿಗೆ ತಿಳಿಯದಂತೆ ಮುಚ್ಚಲು ಅವನಿಗೆ ಸಿಕ್ಕಿದ್ದು ಆ ಕಥೆಯೊಂದೇ ಬಟ್ಟೆ. ಆದರೆ ಅದರ ಕೆಳಗೆ ಯವ್ವ ಇಷ್ಟು ವರ್ಷ ನೆನೆದ ರೊಟ್ಟಿ ತಿಂದಳು, ನೋವಾದರೂ ನೋವೆನ್ನಲಾರದೆ, ಹಲ್ಲಿನ ಸೆಟ್ಟು ಹಾಕಿಸೋಣ ಎಂದರೆ ಬೇಡ ಬೇಡ ಎನ್ನುತ್ತ. ನಾವು ಅದನ್ನೂ ಅವಳ ಗಟ್ಟಿತನ ಎಂದುಕೊಂಡೆವು. ಮತ್ತೆ ಆ ಕುರ್ಚಿಯ ಮೇಲೆ ಕೂರುವ ಹೆದರಿಕೆ ಅದು.

ಅಷ್ಟರಲ್ಲಿ ನನ್ನ ಸರದಿ ಬಂತು. ಡಾಕ್ಟರ್ ಹುಡುಗಿ ಬಾಗಿಲಲ್ಲಿ ನಿಂತು, ಇವತ್ತು ನೀರು ತರಲು ಹೋಗುವುದಿಲ್ಲ ತಾನೇ ಮೇಡಂ ಎಂದು ಕೇಳಿದಳು. ಹಲ್ಲು ಉಳಿಸಿ ಕೊಡಿ ಎಂದೆ. ಅದು ಧೈರ್ಯದ ಮಾತಲ್ಲ. ನಮ್ಮವ್ವನನ್ನು ಒಳಗೆ ಬಿಡಬೇಕು ಎಂದೂ ಕೇಳಿಕೊಂಡೆ, ಇಷ್ಟು ವಯಸ್ಸಾದ ಟೀಚರು.

ತಲೆಯ ಕಡೆ ಡಾಕ್ಟರು, ಅವಳ ಸಹಾಯಕಿ, ಯಂತ್ರ, ದೀಪ. ಯವ್ವನಿಗೆ ಜಾಗ ಸಿಕ್ಕಿದ್ದು ಕಾಲಿನ ಕಡೆ. ಅವಳು ನನ್ನ ಕಾಲಿನ ಹೆಬ್ಬೆರಳನ್ನು ಹಿಡಿದುಕೊಂಡು ನಿಂತಳು. ಸೂಜಿ ಬಂತು. ನಾನು ಕಣ್ಣು ಮುಚ್ಚಿ ಉಸಿರು ನೋಡಲು ಹೋದೆ, ಹೆದರಿಕೆಗೆ ಮೂಗು ಕಟ್ಟಿತ್ತು, ಬಾಯಿ ಅವರ ವಶದಲ್ಲಿತ್ತು, ನೋಡಲು ಉಸಿರೇ ಇರಲಿಲ್ಲ. ಚುಚ್ಚಿದಾಗ ಕೂಗಿದೆ. ಪೂರ್ತಿ ಕೂಗಿದೆ, ಹೂಂ ಎಂದೂ ಹಾಂ ಎಂದೂ ಎರಡೂ ಬಂದವು. ಯವ್ವ ಬೆರಳನ್ನು ಎಷ್ಟು ಬಿಗಿ ಹಿಡಿದಳೆಂದರೆ ನೋವು ಅಲ್ಲಿಗೆ ಹೋಯಿತು. ನೋವು ಮಿದುಳಿಗೆ ಹೋಗುವ ದಾರಿಯನ್ನು ಯವ್ವ ತನ್ನ ಕಡೆ ತಿರುಗಿಸಿಕೊಂಡದ್ದು ಯಾವ ಮಾದರಿಯಲ್ಲೂ ತೋರಿಸಲು ಬರುವುದಿಲ್ಲ.

ಆಮೇಲೆ ಏನೂ ಆಗಲಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಬಾಯಿ ಮರಗಟ್ಟಿತು, ಕೊರೆದರು, ಅರ ಹಾಕಿ ಕೆರೆದರು, ನೀರು ಹೊಡೆದರು, ಸುಟ್ಟ ವಾಸನೆ ಬಂತು, ಸೀಲಿಂಗಿನ ಮೇಲೆ ಒಂದು ಹಲ್ಲಿ ಓಡಾಡಿತು. ನೋವಿರಲಿಲ್ಲ. ಒಂದು ವಾರ ನಿದ್ದೆಗೆಟ್ಟು, ಮಾನ್ವಿಗೆ ಓಡಿ, ಒಬ್ಬ ಪಾಪದ ಮನುಷ್ಯನಿಗೆ ಹೂವಿನ ಚಪ್ಪಲಿ ಮೆಟ್ಟಿಸಿ, ಕೊನೆಗೆ ನೋಡಿದರೆ ಇಷ್ಟೇ. ಸಿದ್ಧಮಾಡಿಕೊಂಡು ಬಂದ ಹೆದರಿಕೆಯೆಲ್ಲ ವ್ಯರ್ಥವಾಯಿತಲ್ಲ ಎಂದು ಬೇಜಾರೇ ಆಯಿತು. ಮುಂದಿನ ಸಲ ಕರೆದಾಗ ಮತ್ತೆ ಮೊದಲಿನಷ್ಟೇ ಹೆದರಿದೆ, ಅದು ಬೇರೆ ಮಾತು.

ಯವ್ವ ಎಲ್ಲ ಸಲವೂ ಬಂದಳು. ಊರಿಗೆ ಹೋಗು ಎಂದರೆ ನಿನ್ನ ಕಾಲು ಯಾರು ಹಿಡಿಯುತ್ತಾರೆ ಎನ್ನುತ್ತಿದ್ದಳು. ಕಾಲು ಹಿಡಿದುಕೊಂಡೇ ಅವಳು ಡಾಕ್ಟರ್ ಹುಡುಗಿಯ ಕೈಯನ್ನು ನೋಡುತ್ತಿರುವುದು ನನಗೆ ಕಾಣುತ್ತಿತ್ತು, ಅಡುಗೆಮನೆಯಲ್ಲಿ ಹೊಸ ಸೊಸೆಯ ಕೈಯನ್ನು ನೋಡುವ ಹಾಗೆ. ಹಲ್ಲಿಗೆ ಕ್ಯಾಪ್ ಕೂರಿಸಿದ ದಿನ ನಾನು ಕುರ್ಚಿಯಿಂದ ಇಳಿದೆ. ಇನ್ನು ಮುಗಿಯಿತು, ಗಟ್ಟಿ ಪದಾರ್ಥ ಒಂದೆರಡು ದಿನ ಬಿಟ್ಟು ತಿನ್ನಿ ಎಂದು ಡಾಕ್ಟರು ಹೇಳುತ್ತಿದ್ದಳು. ಯವ್ವ ಸೀರೆಯ ನೆರಿಗೆ ಎತ್ತಿ ಹಿಡಿದು, ಯಾರನ್ನೂ ಕೇಳದೆ ಆ ಕುರ್ಚಿಯನ್ನು ಹತ್ತಿ ಕೂತಳು. ಕೂತವಳು ಬಾಯಿ ತೆರೆಯಲಿಲ್ಲ, ಎರಡೂ ಕೈಯಿಂದ ಕುರ್ಚಿಯ ಹಿಡಿಕೆ ಹಿಡಿದುಕೊಂಡಳು.

"ಡಾಕ್ಟರವ್ವಾ, ನಂದೊಂದು ಉಳದದ," ಎಂದಳು. "ಕೀಳಬ್ಯಾಡ್ರಿ. ನೋಡ್ರಿ, ಏನಾರ ಮಾಡಾಕ ಬರ್ತದೇನು. ನಾ ಕಚ್ಚಂಗಿಲ್ಲ."

ಕಚ್ಚುವ ಮಾತು ಯಾಕೆ ಬಂತೆಂದು ಡಾಕ್ಟರಿಗೆ ತಿಳಿಯಲಿಲ್ಲ, ನಾನು ಬಿಡಿಸಿ ಹೇಳಲಿಲ್ಲ. ಅವಳು ದೀಪ ಹಾಕಿ ನೋಡಿದಳು. ಹಲ್ಲು ಚೆನ್ನಾಗಿದೆ, ಸುತ್ತ ಗಾರೆ ಕಟ್ಟಿದೆ, ಸ್ವಚ್ಛ ಮಾಡೋಣ, ಆಮೇಲೆ ಇದರ ಆಸರೆಗೆ ಒಂದು ಸೆಟ್ಟು ಕೂರಿಸಬಹುದು, ಕಟಕ ರೊಟ್ಟಿ ಕಡಿಯಲು ಆಗಲಿಕ್ಕಿಲ್ಲ, ಬಿಸಿ ರೊಟ್ಟಿ ಕಡಿಯಬಹುದು ಎಂದಳು. ಅದಕ್ಕೆ ಐದಾರು ಸಲ ಬರಬೇಕು ಎಂದಳು. ಯವ್ವ ನನ್ನ ಮುಖ ನೋಡಿದಳು. ನಾನು ಕಾಲಿನ ಕಡೆ ಹೋಗಿ ಅವಳ ಹೆಬ್ಬೆರಳು ಹಿಡಿದುಕೊಂಡೆ. ಒಡೆದ ಹಿಮ್ಮಡಿ, ಬೆಳ್ಳಿಯ ಕಾಲುಂಗುರ ತೆಗೆದಿಟ್ಟ ಜಾಗದಲ್ಲಿ ಇನ್ನೂ ಉಳಿದ ಗುರುತು. ಯಂತ್ರ ಶುರುವಾದಾಗ ಅವಳು ಚೀರಿದಳು, ಹೊರಗೆ ಕೂತಿದ್ದವರಲ್ಲಿ ಒಬ್ಬರಾದರೂ ನೀರು ತರಲು ಹೋಗಿರಬೇಕು. ಆದರೆ ಬಾಯಿ ಮುಚ್ಚಲಿಲ್ಲ, ಕಚ್ಚಲಿಲ್ಲ. ನಾನು ಬೆರಳು ಬಿಡಲಿಲ್ಲ.

ಹೊರಗೆ ಬಂದು ಅವಳನ್ನು ನೆರಳಿನ ಒಂದು ಬೆಂಚಿನ ಮೇಲೆ ಕೂರಿಸಿದೆ. ಅವಳು ನಾಲಿಗೆಯಿಂದ ಹಲ್ಲು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು, ಕಣ್ಣಂಚು ಇನ್ನೂ ಒದ್ದೆಯಿತ್ತು. ಆ ಹೊತ್ತಿಗೆ ಸರಿಯಾಗಿ ಮಾನ್ವಿಯಿಂದ ತಂಗಿಯ ಫೋನ್ ಬಂತು. ಕ್ಯಾಪ್ ಹಾಕಿದರೇನು ಎಂದು ಕೇಳಿದಳು. ಹಾಕಿದರು ಎಂದೆ. ಯವ್ವನೂ ಕುರ್ಚಿ ಮೇಲೆ ಕೂತಳು ಎಂದೆ. ತಂಗಿ ಗಾಬರಿಯಾಗಿ ಮಷಿನ್ ನಿಲ್ಲಿಸಿದ್ದು ಫೋನಿನಲ್ಲೇ ಕೇಳಿಸಿತು. ಏನಾಯಿತು, ಹೇಗಿದ್ದಾಳೆ ಎಂದು ಕೇಳಿದಳು.

ನಾನು ಯವ್ವನ ಕಡೆ ನೋಡಿದೆ. ಯವ್ವ ಸೆರಗಿನಿಂದ ಮುಖ ಒರೆಸಿಕೊಂಡು, ನೆಟ್ಟಗೆ ಕೂತು, ನಾನು ಏನು ಹೇಳುತ್ತೇನೆಂದು ಕಾಯುತ್ತಿದ್ದಳು.

"ಹೂಂ ಅನ್ನಲಿಲ್ಲ, ಹಾಂ ಅನ್ನಲಿಲ್ಲ," ಎಂದೆ. "ಡಾಕ್ಟರು ನೋಡ್ಕೋತ ನಿಂತಬಿಟ್ಟರು. ಚಹಾ ತರಿಸಿ ಕೊಟ್ಟರು."

ಯವ್ವ ಮೊಣಕೈಯಿಂದ ನನ್ನನ್ನು ಮೆಲ್ಲಗೆ ತಿವಿದಳು.

"ಸಲಾಮ್ ಹೊಡದಿದ್ದೂ ಹೇಳು," ಎಂದಳು.

ಹೇಳಿದೆ.